ಗಾಳಿ ಬಂದಾಗ ತೂರಿಕೋ

ಬೆಸಗರಹಳ್ಳಿಯ ಸುತ್ತಮುತ್ತ ಈಗ ಈ ಗಾದೆ ಹೆಚ್ಚಾಗಿ ಕಿವಿಗೆ ಬೀಳುವುದು ಚುನಾವಣೆಯ ಕಾಲಕ್ಕೆ. ಪಕ್ಷ ಬಿಟ್ಟು ಪಕ್ಷಕ್ಕೆ ಹಾರಿದವನನ್ನೋ, ರೇಟು ಏರಿದಾಗ ಗದ್ದೆ ಮಾರಿಕೊಂಡವನನ್ನೋ ತೋರಿಸಿ ‘ಗಾಳಿ ಬಂದಾಗ ತೂರ್ಕೊಂಡ ಬುಡಪ್ಪ’ ಅನ್ನುತ್ತಾರೆ. ಅರ್ಧ ಮೆಚ್ಚುಗೆ, ಅರ್ಧ ಕುಹಕ. ಕಣದಲ್ಲಿ ಹುಟ್ಟಿದ ಮಾತು ಕಣ ಬಿಟ್ಟು ಊರೊಳಕ್ಕೆ ಬಂದರೆ ಹೀಗೇ ಆಗುವುದು.

ರಾಗಿ ಕೊಯ್ದು, ಮೆದೆ ಒಟ್ಟಿ, ಕಣ ಸಾರಿಸಿ, ತೆನೆ ಹರಡಿ ಗುಂಡು ಹೊಡೆದು, ಹುಲ್ಲು ಉದುರಿಸಿ ತೆಗೆದು ರಾಶಿ ಮಾಡಿದವನಿಗಷ್ಟೇ ಗಾಳಿಯ ಹಂಗು. ತೂರುವುದು ವರ್ಷದ ದುಡಿಮೆಯಲ್ಲಿ ತೀರಾ ಕೊನೆಯ ಕೆಲಸ. ರಾಶಿಯೇ ಇಲ್ಲದವನು ಮೂಡಗಾಳಿಗೆ ಮೊರ ಎತ್ತಿ ಹಿಡಿದರೆ ಕಣ್ಣಿಗೆ ಧೂಳು ಬಿದ್ದೀತು, ಅಷ್ಟೆ. ಇನ್ನೂ ಒಂದು ಸೂಕ್ಷ್ಮವಿದೆ. ಗಾಳಿ ಸಣ್ಣಗಿದ್ದರೆ ಹೊಟ್ಟು ಕಾಲ ಬುಡಕ್ಕೇ ಬೀಳುತ್ತದೆ. ಜೋರಾದರೆ ಹೊಟ್ಟಿನ ಜೊತೆ ಕಾಳೂ ಹೋಗುತ್ತದೆ. ಈಗ ನಾವು ತೆನೆಯನ್ನು ಟಾರು ರಸ್ತೆಗೆ ಹರಡಿ ಬಸ್ಸು ಲಾರಿಗಳ ಕೈಲಿ ಒಕ್ಕಣೆ ಮಾಡಿಸುತ್ತೇವೆ, ಫ್ಯಾನ್ ಇಟ್ಟು ತೂರುತ್ತೇವೆ. ಬೈಕಿನವರ ಪಾಡು ದೇವರಿಗೇ ಪ್ರೀತಿ. ಗುಂಡಿ ಒತ್ತಿದರೆ ಬರುವ ಗಾಳಿಗೆ ಯಾರೂ ಕಾಯಬೇಕಿಲ್ಲ.

ಕಾಯುವ ಕಷ್ಟ ಇಂದಿಗೂ ಹಾಗೇ ಉಳಿದಿರುವುದು ನೂರು ಮೀಟರ್ ಓಟದಲ್ಲಿ. ಅಲ್ಲಿ ಗಾಳಿಗೂ ಲೆಕ್ಕ. ಗುರಿಗೆರೆಯಿಂದ 50 ಮೀಟರ್ ಹಿಂದೆ, ಟ್ರ್ಯಾಕಿನ ಪಕ್ಕ, ಸೊಂಟದ ಮಟ್ಟಕ್ಕಿಂತ ಒಂಚೂರು ಮೇಲೆ ಮಾಪಕವೊಂದು ನಿಂತಿರುತ್ತದೆ. ಪಿಸ್ತೂಲು ಹಾರಿದಾಗಿನಿಂದ 10 ಸೆಕೆಂಡು ಗಾಳಿಯನ್ನು ಅಳೆಯುತ್ತದೆ. ಬೆನ್ನ ಹಿಂದಿನ ಗಾಳಿ ಸೆಕೆಂಡಿಗೆ 2 ಮೀಟರ್ ಮೀರಿದರೆ ಓಟ ಗೆದ್ದರೂ ದಾಖಲೆ ಸಲ್ಲುವುದಿಲ್ಲ. ಕಾಳು ಹಾರಿಹೋಗುವ ಗಾಳಿ ಯಾವುದೆಂದು ನಮ್ಮವರು ಕೈಯಂದಾಜಿನಲ್ಲಿ ಹೇಳುತ್ತಿದ್ದುದನ್ನೇ ಓಟದವರು ಯಂತ್ರವಿಟ್ಟು ಬರೆದುಕೊಂಡರು.

ಹಾಗೆ ಕಾದವರಲ್ಲೊಬ್ಬರು ಕೋಲಾರದಲ್ಲಿ 1940ರಲ್ಲಿ ಹುಟ್ಟಿದ ಓಟಗಾರ ಕೆನೆತ್ ಪೊವೆಲ್, ಬೆಂಗಳೂರಿನ ಐಟಿಐ ಕಾರ್ಖಾನೆಯ ನೌಕರ. 1964ರ ಟೋಕಿಯೋ ಒಲಿಂಪಿಕ್ಸ್‌ಗೆ ಹೋದರು. ಕಿಟ್ಟದ ಪುಡಿ ಹಾಸಿದ ಟ್ರ್ಯಾಕಿನ ಮೇಲೆ ನಡೆದ ಕೊನೆಯ ಒಲಿಂಪಿಕ್ಸ್ ಅದು. ಒಂಟಿ ಓಟದಲ್ಲಿ ಅವರು ಬೇಗ ಹೊರಬಿದ್ದರು. 4x100 ಮೀಟರ್ ರಿಲೇಯಲ್ಲಿ ಮಾತ್ರ ಮಖನ್ ಸಿಂಗ್, ರಾಜಶೇಖರನ್, ಕುಟಿನೋ ಜೊತೆಗೂಡಿ ಭಾರತವನ್ನು ಸೆಮಿಫೈನಲ್‌ವರೆಗೆ ಒಯ್ದರು. ಮರುವರ್ಷದ ಅರ್ಜುನ ಪ್ರಶಸ್ತಿ ಅವರಿಗೆ ಬಂತು. ಏಷ್ಯನ್ ಕ್ರೀಡಾಕೂಟದ ಪದಕಕ್ಕೆ 1970ರ ಬ್ಯಾಂಕಾಕ್‌ವರೆಗೆ ಕಾಯಬೇಕಾಯಿತು, ಅದೂ ರಿಲೇಯ ಕಂಚು. ಆಗ ಅವರಿಗೆ ಮೂವತ್ತು. ವೇಗದ ಓಟಗಾರನಿಗೆ ಅದು ಮುಸ್ಸಂಜೆಯ ವಯಸ್ಸು. 2022ರ ಡಿಸೆಂಬರಿನಲ್ಲಿ ಅವರು ತೀರಿಕೊಂಡಾಗ ಎಷ್ಟು ಮಂದಿಗೆ ಹೆಸರು ನೆನಪಿತ್ತೋ!

ಇನ್ನೊಬ್ಬ, ನಮ್ಮ ಕರಾವಳಿಯ ಹುಡುಗ, ಸರ್ವಿಸಸ್ ತಂಡದ ಮಣಿಕಂಠ ಹೋಬಳಿದಾರ್. 2023ರ ಅಕ್ಟೋಬರಿನಲ್ಲಿ ಬೆಂಗಳೂರಿನ ಕಂಠೀರವದಲ್ಲಿ, ನೂರು ಮೀಟರ್ ಓಟದ ಫೈನಲ್‌ಗೂ ಮೊದಲಿನ ಸುತ್ತಿನಲ್ಲೇ 10.23 ಸೆಕೆಂಡು ಓಡಿ ಅಮಿಯ ಮಲ್ಲಿಕ್ ಅವರ 10.26ರ ರಾಷ್ಟ್ರೀಯ ದಾಖಲೆ ಮುರಿದ. ಪದಕದ ಓಟ ಇನ್ನೂ ಮುಂದಿತ್ತು, ಗಾಳಿ ಮೊದಲೇ ಬಂದುಬಿಟ್ಟಿತ್ತು. ಫೈನಲ್‌ಗೆ ಉಳಿಸಿಕೊಳ್ಳೋಣ ಎಂದು ಮೊರ ಕೆಳಗಿಡುವವನಿಗೆ ದಾಖಲೆ ದಕ್ಕುವುದಿಲ್ಲ.

2025ರ ಮಾರ್ಚ್‌ನಲ್ಲಿ ಅದೇ ಬೆಂಗಳೂರು. ಮಣಿಕಂಠ 10.22 ಓಡಿದ. ತನ್ನದೇ ರಾಷ್ಟ್ರೀಯ ದಾಖಲೆಗಿಂತ ಚುರುಕು. ಆದರೂ ಆ ದಿನ ದಾಖಲೆ ಕಳೆದುಕೊಂಡ: ಪಂಜಾಬಿನ ಗುರಿಂದರ್‌ವೀರ್ ಸಿಂಗ್ 10.20ಕ್ಕೆ ಮುಗಿಸಿಬಿಟ್ಟಿದ್ದ. ಗಾದೆ ಹೇಳುವವರು ಈ ಲೆಕ್ಕ ಮರೆಯುತ್ತಾರೆ. ಗಾಳಿ ಒಬ್ಬನ ಕಣಕ್ಕಷ್ಟೇ ಬೀಸುವುದಿಲ್ಲ. ಪಕ್ಕದವನ ರಾಶಿಯೂ ತಯಾರಿರುತ್ತದೆ. ಜುಲೈಗೆ ಅನಿಮೇಶ್ ಕುಜೂರ್ ಗ್ರೀಸಿನಲ್ಲಿ 10.18 ಓಡಿ ಗುರಿಂದರ್‌ವೀರ್‌ನ ದಾಖಲೆಯನ್ನೂ ಕಿತ್ತುಕೊಂಡ.

ಗಾಳಿ ಬಂದರೂ ತೂರದೆ ಉಳಿದವನೊಬ್ಬನಿದ್ದಾನೆ, ನನಗೆ ಅವನ ಮೇಲೆ ವಿಶೇಷ ಅಕ್ಕರೆ. 2020ರಲ್ಲಿ ಐಕಳದ ಕಂಬಳದಲ್ಲಿ ಅಶ್ವತ್ಥಪುರದ ಶ್ರೀನಿವಾಸ ಗೌಡ 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಮುಟ್ಟಿದಾಗ ದೇಶವೆಲ್ಲ ಬೋಲ್ಟ್‌ಗೆ ಹೋಲಿಸಿ ಕುಣಿಯಿತು. ಕೇಂದ್ರ ಸಚಿವರೇ ಕರೆದರು. ಆತ ಟ್ರ್ಯಾಕಿನ ಪರೀಕ್ಷೆಗೆ ಒಲ್ಲೆನೆಂದ. ಕೋಣಗಳ ಹಿಂದೆ ಕೆಸರಿನಲ್ಲಿ ಓಡುವುದೇ ಬೇರೆ ಎಂದು ಗೊತ್ತಿದ್ದವನು ಅವನೊಬ್ಬನೇ ಇರಬೇಕು. ಬೀಸಿದ್ದು ತನ್ನ ಕಣದ ಗಾಳಿಯಲ್ಲ ಎಂದು ತಿಳಿಯಲಿಕ್ಕೂ ಒಕ್ಕಲುತನದ ಬುದ್ಧಿಯೇ ಬೇಕು.

ಮಣಿಕಂಠನ ಕತೆ 2025ರ ಮಾರ್ಚ್‌ಗೆ ನಿಲ್ಲಲಿಲ್ಲ. ಏಪ್ರಿಲ್ 30ರಂದು ಚಂಡೀಗಢದಲ್ಲಿ ಗುರಿಂದರ್‌ವೀರ್, ಅನಿಮೇಶ್, ಮಣಿಕಂಠ, ಅಮ್ಲಾನ್ ಬೊರ್ಗೊಹೈನ್ ಒಂದೇ ತಂಡವಾಗಿ 4x100 ರಿಲೇಯನ್ನು 38.69 ಸೆಕೆಂಡಿಗೆ ಓಡಿದರು. 2010ರ ದೆಹಲಿ ಕಾಮನ್‌ವೆಲ್ತ್ ಕೂಟದ 38.89ರ ರಾಷ್ಟ್ರೀಯ ದಾಖಲೆ ಹದಿನೈದು ವರ್ಷದ ಮೇಲೆ ಅಳಿಸಿಹೋಯಿತು. ದಾಖಲೆ ಕಸಿದವನೂ, ಮುಂದೆ ಅವನಿಂದ ಕಸಿಯಲಿದ್ದವನೂ ಮಣಿಕಂಠನ ಜೊತೆ ಒಂದೇ ಕೋಲು ಹಂಚಿಕೊಂಡರು. ಆ ಓಟ ಟ್ರ್ಯಾಕನ್ನು ಪೂರ್ತಿ ಒಂದು ಸುತ್ತು ಹಾಕುತ್ತದೆ. ಒಂದು ಕಡೆ ಬೆನ್ನಿಗೆ ಬಂದ ಗಾಳಿ ಎದುರು ಕಡೆ ಎದೆಗೆ ಬರುತ್ತದೆ. ಹಾಗಾಗಿ ರಿಲೇಯಲ್ಲಿ ಗಾಳಿಯನ್ನು ಅಳೆಯುವುದೇ ಇಲ್ಲ.