ಮೃತರ ಹೆಸರಿನ ಹಣ ಮತ್ತು ಅಚೌರ್ಯಾಣುವ್ರತ

ಪರರು ಇಟ್ಟ, ಬೀಳಿಸಿಕೊಂಡ, ಮರೆತ ದ್ರವ್ಯವನ್ನು ಅವರು ಕೊಡದೆ ತಾನು ತೆಗೆದುಕೊಳ್ಳಬಾರದು, ತೆಗೆದು ಮತ್ತೊಬ್ಬರಿಗೆ ಕೊಡಲೂ ಬಾರದು. ಅಚೌರ್ಯಾಣುವ್ರತದ ಸ್ವರೂಪವನ್ನು ಸಮಂತಭದ್ರಾಚಾರ್ಯರು ಹೀಗೆ ನಿರೂಪಿಸಿದ್ದಾರೆ. ಕಳ್ಳತನವೆಂದರೆ ಕನ್ನ ಹಾಕುವುದು ಮಾತ್ರವೆಂದು ತಿಳಿದವರಿಗೆ ಈ ವ್ರತವು ಸುಲಭವೆನಿಸೀತು. ಆದರೆ ಅದರ ನಿಜವಾದ ಪರೀಕ್ಷೆಯು ಮನೆಯೊಳಗೆ, ಅದೂ ದುಃಖದ ದಿನಗಳಲ್ಲಿ, ಒದಗುವುದುಂಟು.

ನಿವೃತ್ತಿವೇತನ ಪಡೆಯುತ್ತಿದ್ದ ತಂದೆಯವರು ತೀರಿಕೊಂಡರೆಂದು ಭಾವಿಸೋಣ. ಬ್ಯಾಂಕಿಗೆ ವಾರ್ತೆ ಮುಟ್ಟಿಲ್ಲವಾಗಿ ಮರುತಿಂಗಳೂ ಅವರ ಖಾತೆಗೆ ಹಣ ಜಮೆಯಾಗುತ್ತದೆ. ಎ.ಟಿ.ಎಂ. ಕಾರ್ಡು ಮಗನ ಕೈಯಲ್ಲಿದೆ. ತಾಯಿಯ ಔಷಧಿಗೆ ದುಡ್ಡು ಬೇಕಾಗಿದೆ. 'ಅಪ್ಪನ ಹಣ, ಅಮ್ಮನಿಗೇ ತಾನೆ ಖರ್ಚು?' ಎಂದು ಮನಸ್ಸು ವಾದಿಸುತ್ತದೆ. ಇದರಲ್ಲಿ ದೋಷವೇನು?

ಮೊದಲು ಹಣವು ಯಾರದೆಂದು ವಿಚಾರಿಸಬೇಕು. ಮರಣದ ದಿನದವರೆಗಿನ ವೇತನವು ತಂದೆಗೆ ಸಲ್ಲತಕ್ಕದ್ದು; ಅದನ್ನು ಕೇಳಿ ಪಡೆಯುವುದು ನ್ಯಾಯವೇ. ಅನಂತರ ಬಂದುದಾದರೋ, ಅವರು ಜೀವಿಸಿರುವರೆಂಬ ನಂಬಿಕೆಯಿಂದ ಸರ್ಕಾರವು ಕಳುಹಿಸಿದ್ದು. ಆ ಜೀವವು ಕರ್ಮಾನುಸಾರವಾಗಿ ಬೇರೊಂದು ಗತಿಯನ್ನು ಸೇರಿಯಾಗಿದೆ. ಪಡೆಯುವವರೂ ಅವರಲ್ಲ, ಕೊಡುವವರೂ ಅವರಲ್ಲ. ಕೊಟ್ಟವರಿಲ್ಲದೆ ಕೈಸೇರಿದ್ದು ಅದತ್ತವೇ ಸರಿ. ತಾಯಿಯ ಕಷ್ಟವು ನಿಜ. ಆಕೆಗೆ ಸಲ್ಲುವುದು ಕುಟುಂಬ ನಿವೃತ್ತಿವೇತನ. ಮರಣವನ್ನು ಮರೆಮಾಚಿದಷ್ಟು ದಿನವೂ ಮಗನು ಆಕೆಯ ನ್ಯಾಯವಾದ ಹಕ್ಕನ್ನೇ ತಡೆದಂತಾಗುತ್ತದೆ.

ತಂದೆಯ ಹೆಸರಿಗೆ ಚೆಕ್ಕು ಬಂದಾಗ ಅವರ ರುಜುವನ್ನು ತಾನೇ ಹಾಕುವುದು ಉಮಾಸ್ವಾಮಿಗಳು ಸತ್ಯಾಣುವ್ರತದ ಅತಿಚಾರಗಳಲ್ಲಿ ಎಣಿಸಿದ ಕೂಟಲೇಖಕ್ರಿಯೆ. ಹಣವು ನ್ಯಾಯವಾದುದಾದರೂ ರುಜು ಸುಳ್ಳೇ. ಇದಕ್ಕೆ ನೇರವಾದ ದಾರಿಯಿದೆ. ಚೆಕ್ಕನ್ನು ಕೊಟ್ಟವರಿಗೇ ಹಿಂದಿರುಗಿಸಿ, ವಾರಸುದಾರರ ಹೆಸರಿಗೆ ಬರೆದುಕೊಡುವಂತೆ ಕೇಳಬಹುದು. ಖಾತೆಗೆ ಬರುವ ಹಣದ ಬಗ್ಗೆ ರಿಜರ್ವ್ ಬ್ಯಾಂಕು ೨೦೦೫ರಲ್ಲಿ ಎರಡು ಮಾರ್ಗಗಳನ್ನು ಸೂಚಿಸಿತು: ಮೃತರ ಆಸ್ತಿಯ ಹೆಸರಿನ ಪ್ರತ್ಯೇಕ ಖಾತೆಯಲ್ಲಿ ಜಮೆ ಮಾಡುವುದು, ಇಲ್ಲವೆ ಖಾತೆದಾರರು ಮೃತರೆಂದು ತಿಳಿಸಿ ಕಳುಹಿಸಿದವರಿಗೆ ಹಿಂದಿರುಗಿಸುವುದು.

ನ್ಯಾಯವಾಗಿ ಬಂದ ಹಣದಲ್ಲಿಯೂ ಎಚ್ಚರ ಬೇಕು. ಬ್ಯಾಂಕ್ ಠೇವಣಿಯ ನಾಮಿನಿಯು ಹಣವನ್ನು ಪಡೆಯಬಲ್ಲನೇ ಹೊರತು ಅಷ್ಟರಿಂದಲೇ ಒಡೆಯನಾಗನೆಂದು ಸರ್ವೋಚ್ಚ ನ್ಯಾಯಾಲಯವು ೨೦೧೦ರಲ್ಲಿ ಹೇಳಿದೆ. ಜೈನರಿಗೂ ಅನ್ವಯಿಸುವ ೧೯೫೬ರ ಹಿಂದೂ ಉತ್ತರಾಧಿಕಾರ ಅಧಿನಿಯಮದಂತೆ, ಉಯಿಲಿಲ್ಲದೆ ತೀರಿಕೊಂಡ ತಂದೆಯ ಸ್ವಾರ್ಜಿತ ದ್ರವ್ಯದಲ್ಲಿ ಪತ್ನಿಗೂ ಪುತ್ರರಿಗೂ ಪುತ್ರಿಯರಿಗೂ ಸಮಪಾಲು. ಅಕ್ಕತಂಗಿಯರು ಬಾಯಿಬಿಟ್ಟು ಕೇಳಲಿಲ್ಲವೆಂದು ಅವರ ಪಾಲನ್ನು ಉಳಿಸಿಕೊಳ್ಳುವುದು ನ್ಯಾಸಾಪಹಾರಕ್ಕೆ ಸಮಾನ.

ಕೆಲವರು ಸಲ್ಲದ ಹಣವನ್ನು ತಂದೆಯ ಹೆಸರಿನಲ್ಲಿ ದಾನಕ್ಕೋ ವ್ರತದ ಉದ್ಯಾಪನೆಗೋ ವಿನಿಯೋಗಿಸಿ ಸಮಾಧಾನಪಡುತ್ತಾರೆ. ಪರದ್ರವ್ಯವನ್ನು ಮತ್ತೊಬ್ಬರಿಗೆ ಕೊಡುವುದನ್ನೂ ಆಚಾರ್ಯರು ನಿಷೇಧಿಸಿರುವುದು ಇಲ್ಲಿ ಸ್ಮರಣೀಯ. ದಾನವೆಂಬುದು ಸ್ವದ್ರವ್ಯದ ತ್ಯಾಗ, ತನ್ನದಲ್ಲದುದನ್ನು ತ್ಯಜಿಸುವುದೆಂತು?

ಆದುದರಿಂದ ಅಷ್ಟಮಿ ಚತುರ್ದಶಿಗಳಂದು ಉಪವಾಸವಿರುವ ಶ್ರಾವಕರು ಸೂತಕ ಕಳೆದೊಡನೆ ಬ್ಯಾಂಕಿಗೆ ಮರಣವಾರ್ತೆಯನ್ನು ತಿಳಿಸಲಿ. ಲೆಕ್ಕವನ್ನು ತಾಯಿಯ ಮತ್ತು ಒಡಹುಟ್ಟಿದವರ ಮುಂದಿಡಲಿ. ಸಲ್ಲದ್ದನ್ನು ತೆಗೆದಿದ್ದರೆ ಹಿಂದಿರುಗಿಸಲಿ. ಆಹಾರವನ್ನು ಬಿಟ್ಟ ದಿನ ಪರದ್ರವ್ಯದ ಆಸೆಯನ್ನೂ ಬಿಟ್ಟರೆ ಉಪವಾಸವು ಸಾರ್ಥಕವಾಗುತ್ತದೆ.