ಕಾಯ ಬಳಲಿದಾಗ ಕಾಯಕ



ಕಾಯಕವೆಂಬ ಶಬ್ದದಲ್ಲಿಯೇ ಕಾಯವು ಅಡಗಿದೆ. ಶರೀರಶ್ರಮದಿಂದ ಸತ್ಯಶುದ್ಧವಾಗಿ ಮಾಡತಕ್ಕ ದುಡಿಮೆಯೇ ಕಾಯಕವು. ಹಾಗಾದರೆ ಕಾಯವೇ ಬಳಲಿದಾಗ ಕಾಯಕದ ಗತಿಯೇನು? ರೋಗದಿಂದ ಮೂರು ತಿಂಗಳು ಮಲಗಿ ಎದ್ದವನು, ಬಿದ್ದು ಕಾಲು ಮುರಿದುಕೊಂಡು ಕೋಲೂರಿ ನಡೆಯುತ್ತಿರುವವನು ಮರಳಿ ತನ್ನ ಕೆಲಸದ ಬಾಗಿಲಿಗೆ ಬಂದು ನಿಂತಾಗ, ಧಣಿಯಾದ ಭಕ್ತನು ಅವನಿಗೆ ಏನು ಹೇಳಬೇಕು? ಇದನ್ನೇ ಇಂದು ವಿಚಾರಿಸೋಣ.

ಈ ಪ್ರಶ್ನೆ ನಮಗೆ ದೂರದ್ದಲ್ಲ. ಕಲಬುರಗಿಯ ನೆಹರೂ ಗಂಜಿನಲ್ಲಿ ಅಡತಿ ಅಂಗಡಿಗಳನ್ನಿಟ್ಟವರು, ತೊಗರಿಬೇಳೆಯ ಗಿರಣಿಗಳನ್ನು ನಡೆಯಿಸುವವರು, ಕಮಲಾಪುರದಲ್ಲಿ ಕೆಂಪು ಬಾಳೆಯ ತೋಟ ಮಾಡಿದವರು ನಮ್ಮ ಭಕ್ತಸಮೂಹದಲ್ಲಿ ಇದ್ದಾರೆ. ಅವರ ಕೈಕೆಳಗೆ ದುಡಿಯುವವರೂ ಭಕ್ತರೇ. ಚೀಲ ಹೊತ್ತು ಹೊತ್ತು ಹಮಾಲನ ಬೆನ್ನು ಹಿಡಿಯುತ್ತದೆ. ಗಿರಣಿಯ ಯಂತ್ರಕ್ಕೆ ಕೈ ಸಿಕ್ಕುತ್ತದೆ. ಕೆಸರಿನಲ್ಲಿ ಬಾಳೆಗೊನೆ ಹೊತ್ತವನ ಕಾಲು ಜಾರುತ್ತದೆ. ಅವನು ಗುಣವಾಗಿ ಬಂದಾಗ ಲೋಕದಲ್ಲಿ ಮೂರು ಬಗೆಯ ನಡತೆ ಕಂಡುಬರುವುದುಂಟು. "ನಿನ್ನ ಜಾಗಕ್ಕೆ ಬ್ಯಾರೆಯವ ಬಂದಾನ, ಹೋಗು" ಎನ್ನುವುದು ಒಂದು. "ಬಂದಿಯಲ್ಲ, ಮೊದಲಿನಂಗ ಚೀಲ ಹೊರು" ಎನ್ನುವುದು ಎರಡನೆಯದು. ಕೈಯಲ್ಲಿ ನಾಲ್ಕು ಕಾಸು ಇಟ್ಟು "ಮನೆಯಾಗ ಸುಮ್ಮನ ಕೂಡಪ್ಪಾ" ಎಂದು ಕಳುಹಿಸುವುದು ಮೂರನೆಯದು.

ಮೊದಲನೆಯದು ನಿರ್ದಯೆ, ಎರಡನೆಯದು ಅವಿವೇಕ. ಮೂರನೆಯದು ದಯೆಯ ವೇಷದಲ್ಲಿ ಬರುವುದರಿಂದ ಅದನ್ನೇ ಹೆಚ್ಚು ಎಚ್ಚರದಿಂದ ನೋಡಬೇಕು. ಶರಣರ ಮತದಲ್ಲಿ ಕಾಯಕವು ಕೇವಲ ಹೊಟ್ಟೆಯ ಪಾಡಲ್ಲ. ಅದರಿಂದ ಬಂದುದನ್ನು ಭಕ್ತನು ಗುರು ಲಿಂಗ ಜಂಗಮಕ್ಕೆ ಸವೆಸಿ, ಉಳಿದುದನ್ನು ಪ್ರಸಾದವೆಂದು ಸ್ವೀಕರಿಸುತ್ತಾನೆ. ದುಡಿಯಬಲ್ಲವನ ಕಾಯಕವನ್ನು ಕಸಿದು ಕಾಸು ಕೊಟ್ಟರೆ, ಕೊಡುವ ಕೈಯನ್ನು ನಾವು ಬೇಡುವ ಕೈಯನ್ನಾಗಿ ಮಾಡಿದಂತಾಯಿತು. ಕಲಬುರಗಿಯ ಶರಣಬಸವೇಶ್ವರರು 1822ರಲ್ಲಿ ಲಿಂಗೈಕ್ಯರಾದರೂ ಅವರ ದಾಸೋಹದ ಹೆಸರು ಈ ನಾಡಿನಲ್ಲಿ ಮಾಸಿಲ್ಲ. ಆ ದಾಸೋಹದ ಮರ್ಮವನ್ನು ಬಲ್ಲವನು ಚೇತರಿಸಿಕೊಂಡ ಆಳಿಗೆ ಅನ್ನವನ್ನಷ್ಟೇ ಕೊಡನು, ಅವನ ಕಾಯಕವನ್ನೂ ಮರಳಿ ಕೊಡುವನು.

ಕೊಡುವ ಬಗೆ ಹೇಗೆ? ಇಲ್ಲಿ ಆಯ್ದಕ್ಕಿ ಲಕ್ಕಮ್ಮನವರ ಚರಿತ್ರೆ ದಾರಿ ತೋರುತ್ತದೆ. ಪತಿಯಾದ ಮಾರಯ್ಯನವರು ಚೆಲ್ಲಿದ ಅಕ್ಕಿಯನ್ನು ಆಯ್ದು ತರುವ ಕಾಯಕದವರು. ಒಂದು ದಿನ ಅವರು ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ, ಅಳತೆಮೀರಿದುದು ತಮಗೆ ಸಲ್ಲದೆಂದು ಆ ಮಹಾತಾಯಿ ಅದನ್ನು ತಂದಲ್ಲಿಗೇ ಮರಳಿಸಿದರು. ಈ ಪ್ರಸಂಗವನ್ನು ಆಶೆಯ ನಿಗ್ರಹಕ್ಕೆ ಹೇಳುವುದು ವಾಡಿಕೆ. ಆದರೆ ಕಾಯಕಕ್ಕೂ ಒಂದು ಅಳತೆಯುಂಟೆಂಬ ತತ್ತ್ವವೂ ಇದರಲ್ಲಿದೆ. ಇಂದಿನ ದೇಹಕ್ಕೆ ಇಂದಿನ ಅಳತೆ. ಗುಣವಾಗುತ್ತಿರುವವನ ಅಳತೆ ಕಿರಿದಾದರೆ, ಆ ಕಿರಿದೇ ಅವನ ಪೂರ್ಣ ಕಾಯಕವೆಂದು ಧಣಿಯು ತಿಳಿಯಬೇಕು.

ಇನ್ನೊಂದು ಅಂಜಿಕೆಯಿದೆ. ಕೆಲಸ ಬದಲಾದರೆ ಮಾನ ಹೋಯಿತೆಂದು ದುಡಿಯುವವನು ಕುಗ್ಗುತ್ತಾನೆ. ಕಲಬುರಗಿಯಿಂದ ಹೊರಟ ಹೆದ್ದಾರಿಯು ಕಮಲಾಪುರವನ್ನು ಹಾದು ಹುಮನಾಬಾದಿಗೆ ಹೋಗುತ್ತದೆ; ಅಲ್ಲಿಂದ ಕಲ್ಯಾಣವು ದೂರವಿಲ್ಲ. ಹನ್ನೆರಡನೆಯ ಶತಮಾನದ ಆ ಕಲ್ಯಾಣದಲ್ಲಿ ಕಾಶ್ಮೀರದ ಅರಸೊತ್ತಿಗೆಯನ್ನು ಬಿಟ್ಟು ಬಂದವರೊಬ್ಬರು ಕಟ್ಟಿಗೆಯ ಹೊರೆ ಮಾರಿ ಮೋಳಿಗೆಯ ಮಾರಯ್ಯನವರಾದರೆಂದು ಪರಂಪರೆ ಹೇಳುತ್ತದೆ. ಬಿಜ್ಜಳನ ಭಂಡಾರಿಯಾದ ಬಸವಣ್ಣನವರೂ ಹಗ್ಗ ಹೊಸೆಯುವ ನುಲಿಯ ಚಂದಯ್ಯನವರೂ ಬಟ್ಟೆ ಒಗೆಯುವ ಮಡಿವಾಳ ಮಾಚಯ್ಯನವರೂ ಅಲ್ಲಿ ಸಮಾನರು. ಹೀಗಿರಲು, ಚೀಲ ಹೊರುತ್ತಿದ್ದವನು ಕೆಲಕಾಲ ಚೀಲದ ಬಾಯಿ ಹೊಲಿದರೆ, ತೂಕದ ಲೆಕ್ಕ ಬರೆದರೆ, ಗೊನೆ ಹೊರುತ್ತಿದ್ದವನು ಹಣ್ಣು ವಿಂಗಡಿಸಿದರೆ ಯಾವ ಕುಂದು? ಕೆಲಸ ಹಗುರವಾಯಿತೇ ಹೊರತು ಕೆಲಸಗಾರನು ಹಗುರವಾಗಲಿಲ್ಲ. ಇದನ್ನು ಧಣಿಯು ಮೊದಲು ನಂಬಬೇಕು. ಜೊತೆಯ ಆಳುಗಳಿಗೂ ತಿಳಿಸಿ ಹೇಳಬೇಕು.

ಆಚರಣೆಯ ಮಾತನ್ನು ಈಗ ಹೇಳೋಣ. ಆಳು ಹಾಸಿಗೆ ಹಿಡಿದಾಗಲೇ ಅವನ ಮನೆಗೆ ಹೋಗಿ ಬರಬೇಕು. ಹೋದಾಗ "ಯಾವಾಗಿಂದ ಬರ್ತಿ?" ಎಂದು ಮೊದಲು ಕೇಳಬಾರದು, "ಮೈ ಹ್ಯಾಂಗದಪ್ಪಾ?" ಎಂದು ಕೇಳಬೇಕು. ಮೊದಲನೆಯ ಪ್ರಶ್ನೆಯಲ್ಲಿ ಬೆದರಿಕೆಯಿದೆ, ಎರಡನೆಯದರಲ್ಲಿ ಬಾಂಧವ್ಯವಿದೆ. ಅವನ ಜಾಗ ಅವನಿಗಾಗಿ ಇದೆಯೆಂಬ ಅಭಯವನ್ನು ಕೊಡಬೇಕು. ಅವನು ಮರಳುವ ಮುನ್ನ ಯಾವ ಕೆಲಸ ಸಲ್ಲುವುದು, ಯಾವುದು ಸಲ್ಲದು ಎಂಬುದನ್ನು ವೈದ್ಯರಿಂದ ತಿಳಿಯಬೇಕು. ಮೊದಲು ಅರ್ಧ ದಿನ, ಮುಂದೆ ಮುಕ್ಕಾಲು, ಆಮೇಲೆ ಪೂರ್ಣ ದಿನ, ಹೀಗೆ ಮೆಟ್ಟಲು ಮೆಟ್ಟಲಾಗಿ ಏರಿಸಬೇಕು. ವಾರಕ್ಕೊಮ್ಮೆ ಕರೆದು ವಿಚಾರಿಸಬೇಕು. ನೋವು ಹೆಚ್ಚಿದರೆ ಒಂದು ಮೆಟ್ಟಲು ಇಳಿಸುವುದಕ್ಕೆ ಸಂಕೋಚಪಡಬಾರದು.

ಇಂದಿನ ವೈದ್ಯಶಾಸ್ತ್ರವೂ ಇದನ್ನೇ ಒಪ್ಪುತ್ತದೆ. ಬಹುದಿನ ಮಲಗಿದರೆ ಸ್ನಾಯುಗಳು ಕ್ಷೀಣಿಸುತ್ತವೆ. ಸಾಮಾನ್ಯವಾದ ಬೆನ್ನುನೋವಿಗೆ ದೀರ್ಘಕಾಲದ ಹಾಸಿಗೆಗಿಂತ ಮಿತವಾದ ಚಲನೆಯೇ ಹಿತ. ಇಂಗ್ಲೆಂಡ್ ದೇಶದಲ್ಲಿ 2010ರಿಂದ ವೈದ್ಯರು ಕೊಡುವ ಚೀಟಿಯಲ್ಲಿ, ರೋಗಿಯು ಕೆಲಸಕ್ಕೆ ಅಶಕ್ತನೆಂದು ಬರೆಯುವುದಲ್ಲದೆ, ಹೊತ್ತನ್ನಾಗಲಿ ಕೆಲಸವನ್ನಾಗಲಿ ಬದಲಿಸಿದರೆ ಶಕ್ತನಾಗಬಹುದೆಂದೂ ಬರೆಯುವ ಪದ್ಧತಿ ಬಂದಿದೆ.

ನಮ್ಮ ದೇಶದ ಶಾಸನವೂ ಸುಮ್ಮನಿಲ್ಲ. 1948ರ ಕಾಯ್ದೆಯಿಂದ ಹುಟ್ಟಿದ ಕಾರ್ಮಿಕರ ರಾಜ್ಯ ವಿಮೆಯು 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿಯೂ ಮುಂದುವರಿದಿದೆ. ಈ ವಿಮೆಗೆ ಒಳಪಟ್ಟ ಕೆಲಸಗಾರನಿಗೆ ನಿಯಮದ ಪ್ರಕಾರ ರೋಗಕಾಲದಲ್ಲಿ ವರ್ಷಕ್ಕೆ 91 ದಿನಗಳವರೆಗೆ ಕೂಲಿಯ ನೂರಕ್ಕೆ 70ರಷ್ಟು, ಕೆಲಸದಲ್ಲಿ ಗಾಯಗೊಂಡರೆ ಗುಣವಾಗುವವರೆಗೆ ನೂರಕ್ಕೆ 90ರಷ್ಟು ಹಣ ಸಲ್ಲುತ್ತದೆ. ಕಲಬುರಗಿಯ ಸೇಡಂ ರಸ್ತೆಯಲ್ಲಿ ಆ ವಿಮಾ ನಿಗಮದ ದೊಡ್ಡ ಆಸ್ಪತ್ರೆಯೇ ಇದೆ. ಇನ್ನು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 20ನೆಯ ಕಲಮು ಸರ್ಕಾರಿ ಸಂಸ್ಥೆಗಳನ್ನೂ ಶಾಸನದಿಂದ ಸ್ಥಾಪಿತವಾದ ನಿಗಮಗಳನ್ನೂ ಕಟ್ಟುತ್ತದೆ. ಸೇವೆಯಲ್ಲಿರುವಾಗ ಅಂಗಹೀನನಾದವನನ್ನು ತೆಗೆದುಹಾಕಕೂಡದು, ಹುದ್ದೆಯಲ್ಲಿ ಇಳಿಸಕೂಡದು. ಹಳೆಯ ಕೆಲಸ ಆಗದಿದ್ದರೆ ಅದೇ ಸಂಬಳದ ಬೇರೆ ಕೆಲಸಕ್ಕೆ ಹಾಕಬೇಕು. ಅಂಥ ಜಾಗವಿಲ್ಲದಿದ್ದರೆ ಹೆಚ್ಚುವರಿ ಹುದ್ದೆಯಲ್ಲಾದರೂ ಇರಿಸಿಕೊಳ್ಳಬೇಕು. ಕಲಬುರಗಿಯಲ್ಲಿ ಕೇಂದ್ರ ಕಚೇರಿಯುಳ್ಳ ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮದಂಥ ಸಂಸ್ಥೆಯ ಚಾಲಕನು ಕಾಲು ಕಳೆದುಕೊಂಡರೂ ಅನ್ನ ಕಳೆದುಕೊಳ್ಳಬಾರದೆಂಬುದೇ ಇದರ ತಾತ್ಪರ್ಯ.

ಆದರೆ ಕಮಲಾಪುರದ ಹೊಲದಲ್ಲಿ ದಿನಗೂಲಿ ಮಾಡುವ ತಾಯಿಗೆ ಈ ಕಲಮುಗಳ ಆಸರೆಯಿಲ್ಲ. ಅವಳ ಹೆಸರು ಯಾವ ಹಾಜರಿ ಪುಸ್ತಕದಲ್ಲಿಯೂ ಇಲ್ಲ. ಶಾಸನದ ಕೈ ನಿಲುಕದಲ್ಲಿಯೇ ಧರ್ಮದ ಕೈ ಚಾಚಬೇಕು. ಹತ್ತು ವರ್ಷ ನಮ್ಮ ಹೊಲದ ಕಳೆ ತೆಗೆದವಳು ಜ್ವರದಿಂದೆದ್ದು ಬಂದರೆ, ಕಾಯ್ದೆ ಕೇಳುವುದಿಲ್ಲವೆಂದು ನಾವೂ ಕೇಳದಿರಬಹುದೇ? ನೆರಳಿನಲ್ಲಿ ಕೂತು ಬೀಜ ಹಸನು ಮಾಡುವ ಕೆಲಸವಾದರೂ ಅವಳಿಗೆ ಇರಲಿ, ಕೂಲಿಯೂ ಸರಿಯಾಗಿ ಸಲ್ಲಲಿ.

ಗುಣವಾದವರಿಗೂ ಒಂದು ಮಾತು. ಆಗದ ಭಾರವನ್ನು ಬಿಂಕದಿಂದ ಹೊತ್ತು ಮತ್ತೆ ಬೀಳಬೇಡಿರಿ. ಆಗುವ ಕೆಲಸವನ್ನು ಅಂಜಿಕೆಯಿಂದ ಬಿಡಬೇಡಿರಿ. ಮೈಯ ಸ್ಥಿತಿಯನ್ನು ಮುಚ್ಚದೆ ಹೇಳುವುದೂ ಸತ್ಯಶುದ್ಧ ಕಾಯಕದ ಭಾಗವೇ. ಮತ್ತೆ ದುಡಿಯಲಾರದ ಸ್ಥಿತಿಗೆ ಬಂದವರು ತಮ್ಮನ್ನು ಹೀನರೆಂದು ಭಾವಿಸಬೇಕಾಗಿಲ್ಲ. ಅವರನ್ನು ಸಾಕುವುದು ಸಮಾಜದ ಮೇಲಿನ ಋಣ, ಭಿಕ್ಷೆಯಲ್ಲ.

ಭಕ್ತರೇ, ಇಷ್ಟಲಿಂಗವನ್ನು ಧರಿಸಿದ ಕಾಯವು ಧಣಿಯದಾದರೂ ಆಳಿನದಾದರೂ ಒಂದೇ. ಈ ತಿಂಗಳು ನಿಮ್ಮ ಅಂಗಡಿಯಿಂದ, ಗಿರಣಿಯಿಂದ, ಹೊಲದಿಂದ ಕಾಯಿಲೆಯ ಕಾರಣ ದೂರವಾದವರು ಯಾರೆಂದು ನೆನೆಯಿರಿ. ಅವರ ಮನೆಗೆ ಹೋಗಿರಿ, ಅಳತೆಯರಿತು ಮರಳಿ ಕರೆಯಿರಿ. ಸರ್ವರಿಗೂ ಮಂಗಳವಾಗಲಿ. ಶರಣು ಶರಣಾರ್ಥಿ.