ನಿರಿಚ್ಛೆಯೂ ವೈರಾಗ್ಯವೂ

ಕಾಮವನ್ನು ಗೆದ್ದವನು ವಿರಾಗಿ ಎಂಬುದು ಎಲ್ಲರೂ ಬಲ್ಲ ಮಾತು. ಆದರೆ ಗೆಲ್ಲುವುದಕ್ಕೆ ಎದುರಾಳಿಯೇ ಇಲ್ಲದಿದ್ದಲ್ಲಿ ಆ ಗೆಲುವನ್ನು ಏನೆಂದು ಕರೆಯಬೇಕು? ಗೃಹಸ್ಥರು ಬಾಯಿಬಿಟ್ಟು ಆಡಲು ನಾಚುವ ವಿಷಯವೊಂದು ಈ ಪ್ರಶ್ನೆಯಲ್ಲಿ ಅಡಗಿರುವುದರಿಂದ ಅದನ್ನು ಬಿಡಿಸಿ ಹೇಳಬೇಕಾಗಿದೆ.

ನನ್ನಲ್ಲಿ ಓದಿದ ಹುಡುಗನೊಬ್ಬ ಹರಿಹರದ ಕಡೆ ಕಾರ್ಖಾನೆಯಲ್ಲಿದ್ದಾನೆ. ವಯಸ್ಸು 27. ಮನೆಯವರು ದಾವಣಗೆರೆಯಲ್ಲಿ ಕನ್ಯೆಯನ್ನು ನೋಡಿದ್ದರು. ಒಂದು ಸಂಜೆ ಆತ ಬಂದು, "ಗುರುಗಳೇ, ಎರಡು ವರ್ಷದಿಂದ ನನಗೆ ಸ್ತ್ರೀಯರಲ್ಲಿ ಅಪೇಕ್ಷೆಯೇ ಹುಟ್ಟುತ್ತಿಲ್ಲ. ಇದು ಶಿವನ ಕರೆಯೇ ಇರಬೇಕು, ಮಠದಲ್ಲಿ ಇದ್ದುಬಿಡುತ್ತೇನೆ" ಎಂದನು. ನನಗೆ ಸಂತೋಷವೇ ಆಯಿತು. ಮರುದಿನ ನಾಲ್ವರ ಮುಂದೆ ಅವನನ್ನು ಹೊಗಳಿದೆನು ಕೂಡ. ಆ ಅವಿವೇಕ ನನ್ನದು. ಅವನ ತಂದೆಯ ತೀರ್ಮಾನವಾದರೋ, "ತಾಳಿ ಕಟ್ಟಿದರೆ ಎಲ್ಲ ಸರಿಹೋಗುತ್ತದೆ" ಎಂಬುದು. ಆ ಹುಡುಗನ ನಿದ್ರೆ, ಹಸಿವು, ತಲೆನೋವುಗಳನ್ನು ನಾವಿಬ್ಬರೂ ವಿಚಾರಿಸಲೇ ಇಲ್ಲ.

ಬೇಸಗೆಯಲ್ಲಿ ಹರಿಹರದ ಸೇತುವೆಯ ಮೇಲೆ ನಿಂತವರು ತುಂಗಭದ್ರೆ ಸೊರಗಿ ಹರಿಯುವುದನ್ನು ಕಂಡಿದ್ದಾರೆ. ಆಗ ಹೊಳೆ ಶಾಂತವಾಗಿದೆ ಎನ್ನುವವರಿಲ್ಲ, ನೀರಿಲ್ಲ ಎನ್ನುತ್ತಾರೆ. ಇಂದ್ರಿಯಗಳನ್ನು ಬಲವಂತದಿಂದ ಅದುಮಿದರೆ ದೋಷಗಳೇ ಅಂಟುತ್ತವೆಂದು ಎಚ್ಚರಿಸಿದ ಬಸವಣ್ಣನವರು ದಾಂಪತ್ಯವನ್ನು ಬಿಡದೆಯೇ ಶಿವನಿಗೆ ಸಂದ ಸಿರಿಯಾಳ-ಚಂಗಳೆಯರನ್ನು ನೆನೆದರು. ಅಕ್ಕಮಹಾದೇವಿಯ ವೈರಾಗ್ಯವೂ ಬರಡಾದ ಮನಸ್ಸಿನದಲ್ಲ. ಚೆನ್ನಮಲ್ಲಿಕಾರ್ಜುನನ ಕಡೆಗೆ ಉಕ್ಕಿ ಹರಿದ ಒಲುಮೆ ಅದು. ನಮ್ಮ ಹುಡುಗನಿಗೆ ಲಿಂಗಪೂಜೆಯಲ್ಲಿಯೂ ಉತ್ಸಾಹವಿರಲಿಲ್ಲ. ಅಲ್ಲಿಯೇ ನನಗೆ ಸಂದೇಹ ಹುಟ್ಟಬೇಕಾಗಿತ್ತು.

ಚರಕಸಂಹಿತೆಯು ಪುರುಷಶಕ್ತಿಯನ್ನು ಕುಗ್ಗಿಸುವವುಗಳಲ್ಲಿ ದೌರ್ಮನಸ್ಯಕ್ಕೆ ಅಗ್ರಸ್ಥಾನ ಕೊಟ್ಟಿದೆ, ಕ್ಲೈಬ್ಯವನ್ನು ನಾಲ್ಕು ಬಗೆಯಾಗಿ ವಿಂಗಡಿಸಿ ಚಿಕಿತ್ಸೆ ಹೇಳಿದೆ. ಇಂದಿನ ವೈದ್ಯರು ಟೆಸ್ಟೋಸ್ಟಿರೋನ್ ಎಂಬ ಹಾರ್ಮೋನನ್ನು ಅಳೆಯುತ್ತಾರೆ. ಅದು ಬೆಳಿಗ್ಗೆ ಹೆಚ್ಚಾಗಿದ್ದು ಸಂಜೆಗೆ ಇಳಿಯುವುದರಿಂದ, ಬೆಳಗಿನ ಹೊತ್ತಿನಲ್ಲಿಯೇ, ಎರಡು ಬೇರೆ ದಿನಗಳಲ್ಲಿ ರಕ್ತಪರೀಕ್ಷೆಯಾಗಬೇಕು. ಡೆಸಿಲೀಟರಿಗೆ 300 ನ್ಯಾನೊಗ್ರಾಮಿಗಿಂತ ಕಡಿಮೆಯಿದ್ದರೆ ಕೊರತೆಯೆಂದು ಅನೇಕರು ಗಣಿಸುತ್ತಾರೆ. ಆದರೆ ಅಪೇಕ್ಷೆ ಕುಂದಿದ ತರುಣರೆಲ್ಲರಿಗೂ ಈ ಕೊರತೆಯೇ ಇರುವುದಿಲ್ಲ. ಖಿನ್ನತೆ, ನಿದ್ದೆಗೇಡು, ಮದ್ಯಪಾನ, ಮಧುಮೇಹ, ಥೈರಾಯ್ಡ್ ದೋಷ, ಮನೋರೋಗಕ್ಕೆ ಕೊಡುವ ಕೆಲವು ಔಷಧಗಳು, ವ್ಯಾಯಾಮಶಾಲೆಗಳಲ್ಲಿ ಗುಟ್ಟಾಗಿ ಸಿಗುವ ಸ್ಟೀರಾಯ್ಡ್, ಇವೆಲ್ಲವೂ ಕಾರಣವಾಗಬಲ್ಲವು. ದೇಹ ಮನಸ್ಸುಗಳು ಸ್ವಸ್ಥವಾಗಿದ್ದೂ ಸ್ವಭಾವದಿಂದಲೇ ಅಪೇಕ್ಷೆ ಅಲ್ಪವಾಗಿರುವವರೂ ಉಂಟು, ಅವರನ್ನು ರೋಗಿಗಳೆನ್ನಬೇಕಾಗಿಲ್ಲ.

ಗೋಡೆಗಳ ಮೇಲಿನ 'ಗುಪ್ತರೋಗ' ಜಾಹೀರಾತುಗಳನ್ನು ನಂಬಿ ಹಣ ಕಳೆದುಕೊಂಡವರು ನಮ್ಮಲ್ಲಿ ಕಡಿಮೆಯಿಲ್ಲ. ಕಾಮಶಕ್ತಿ ವೃದ್ಧಿಸುವುದಾಗಿ ಔಷಧಗಳನ್ನು ಸಾರುವುದನ್ನು 1954ರ ಕಾಯಿದೆಯೇ ನಿಷೇಧಿಸಿದೆಯೆಂಬುದು ಅನೇಕರಿಗೆ ತಿಳಿಯದು. ಟೆಸ್ಟೋಸ್ಟಿರೋನ್ ಸೂಜಿಯನ್ನು ತಾನಾಗಿಯೇ ಹಾಕಿಸಿಕೊಳ್ಳುವವನ ಪಾಡು ಇನ್ನೂ ಕಷ್ಟ: ಹೊರಗಿನಿಂದ ಬಂದ ಹಾರ್ಮೋನಿನಿಂದ ವೀರ್ಯಾಣುಗಳ ಉತ್ಪತ್ತಿ ಕುಗ್ಗುತ್ತದೆ, ಸಂತಾನಕ್ಕೇ ತೊಡಕಾಗುತ್ತದೆ.

ಇನ್ನು ಆ ಕನ್ಯೆಯ ಮಾತು. ಅವಳಿಗೆ ತಿಳಿಸದೆ ತಾಳಿ ಕಟ್ಟುವುದು ಅಸತ್ಯವಲ್ಲವೆ? ಒಳಗೊಂದು ಹೊರಗೊಂದು ಆಗಿರುವುದನ್ನು ಶರಣರು ಸಹಿಸಿದವರಲ್ಲ. ವೀರಶೈವ ಲಿಂಗಾಯತರನ್ನು ಹೆಸರಿಸಿಯೇ ಒಳಗೊಂಡಿರುವ 1955ರ ಹಿಂದೂ ವಿವಾಹ ಕಾಯಿದೆಯು, ನಪುಂಸಕತ್ವದಿಂದ ದಾಂಪತ್ಯ ಕೂಡದಿದ್ದರೆ ವಿವಾಹವನ್ನು ರದ್ದುಪಡಿಸಲು ಅವಕಾಶ ಕೊಟ್ಟಿದೆ. ಅಪೇಕ್ಷೆ ಕುಂದುವುದೂ ನಪುಂಸಕತ್ವವೂ ಒಂದೇ ಅಲ್ಲ, ನಿಜ. ಆದರೆ ನ್ಯಾಯಾಲಯದವರೆಗೂ ಹೋಗಲಾರದೆ, ಮಕ್ಕಳಾಗಲಿಲ್ಲವೆಂಬ ಅಪವಾದವನ್ನು ಹೊತ್ತು ಸುಮ್ಮನಿರುವ ಸೊಸೆಯಂದಿರು ಎಷ್ಟು ಮನೆಗಳಲ್ಲಿಲ್ಲ!

ಕೊನೆಗೆ ಹುಡುಗನ ತಾಯಿಯೇ ಹಟಹಿಡಿದು ದಾವಣಗೆರೆಯಲ್ಲಿ ವೈದ್ಯರಿಗೆ ತೋರಿಸಿದರು. ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯಲ್ಲಿ ಸಣ್ಣದೊಂದು ಗಂಟು. ಅದರಿಂದ ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನು ಮಿತಿಮೀರಿ, ಟೆಸ್ಟೋಸ್ಟಿರೋನ್ ಕುಸಿದಿತ್ತು. ಶಸ್ತ್ರಕ್ರಿಯೆ ಬೇಕಾಗಲಿಲ್ಲ, ಗುಳಿಗೆಗಳಿಂದಲೇ ಗುಣ ಕಾಣುತ್ತಿದೆ. ಆತ ತಾನೇ ಹೋಗಿ ಕನ್ಯೆಯ ತಂದೆಗೆ ಸಂಗತಿಯನ್ನೆಲ್ಲ ತಿಳಿಸಿ, ಒಂದು ವರ್ಷದ ಅವಧಿ ಕೇಳಿದನಂತೆ. ಅವರಿನ್ನೂ ಉತ್ತರ ಹೇಳಿಲ್ಲ. ಮಠದ ಮಾತನ್ನು ನಾನೂ ಮತ್ತೆ ಎತ್ತಿಲ್ಲ.